ಸತ್ತ ಬ್ಯಾಕ್ಟೀರಿಯಾ ಎಣಿಸಿದರೆ ಸಾಕೇ? ನ್ಯಾನೋ ಕಣಗಳ ವಿಷದ ಲೆಕ್ಕ

ವಾಸನೆ ಬರುವುದಿಲ್ಲ ಎಂದು ಹೇಳಿ ಮಾರುವ ಕೆಲವು ಕಾಲುಚೀಲಗಳ ನೂಲಿನಲ್ಲಿ ಬೆಳ್ಳಿ ಇರುತ್ತದೆ. ಆ ಬೆಳ್ಳಿ ಕಣ್ಣಿಗೆ ಕಾಣುವುದಿಲ್ಲ, ಅಷ್ಟು ಪುಟ್ಟ ಕಣಗಳು. ಬೆವರು ತಾನಾಗಿ ಅಷ್ಟೇನೂ ನಾರುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಬೆಳ್ಳಿ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. 2008ರಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಇಬ್ಬರು ಸಂಶೋಧಕರು ಅಂಗಡಿಯಲ್ಲಿ ಸಿಗುವ ಇಂಥ ಕಾಲುಚೀಲಗಳನ್ನು ತಂದು ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿದರು. ಕೆಲವು ಚೀಲಗಳು ನಾಲ್ಕಾರು ಸಲ ತೊಳೆಯುವುದರೊಳಗೆ ತಮ್ಮ ಬೆಳ್ಳಿಯನ್ನು ಹೆಚ್ಚುಕಡಿಮೆ ಪೂರ್ತಿ ನೀರಿಗೆ ಬಿಟ್ಟುಕೊಟ್ಟವು. ಇನ್ನು ಕೆಲವು ಬಿಡಲೇ ಇಲ್ಲ.

ನೀರಿಗೆ ಬಿದ್ದ ಬೆಳ್ಳಿ ಚರಂಡಿ ಹಿಡಿದು ಕೊಳಚೆ ನೀರಿನ ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ. ಅಲ್ಲಿ ನೀರನ್ನು ಶುದ್ಧ ಮಾಡುವವರು ಯಾರು? ಬ್ಯಾಕ್ಟೀರಿಯಾಗಳೇ. ಅಂದರೆ ಬ್ಯಾಕ್ಟೀರಿಯಾ ಕೊಲ್ಲಲೆಂದೇ ಮಾಡಿದ ವಸ್ತು, ಬ್ಯಾಕ್ಟೀರಿಯಾಗಳನ್ನೇ ನಂಬಿರುವ ಜಾಗಕ್ಕೆ ಹೋಗಿ ಸೇರುತ್ತದೆ. ಇಪ್ಪತ್ತು ವರ್ಷಗಳಿಂದ ವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಈ ಕಣಗಳು ಮಣ್ಣಿನ, ನೀರಿನ, ಕೆಸರಿನ ಬ್ಯಾಕ್ಟೀರಿಯಾಗಳಿಗೆ ಏನು ಮಾಡುತ್ತವೆ?

‘ಕೊಲ್ಲುತ್ತವೆ’ ಎನ್ನುವವರೂ ಇದ್ದಾರೆ, ‘ಏನೂ ಆಗುವುದಿಲ್ಲ’ ಎನ್ನುವವರೂ ಇದ್ದಾರೆ. ಇಬ್ಬರ ಬಳಿಯೂ ಪ್ರಯೋಗದ ಆಧಾರ ಇದೆ. ನನಗೆ ಅನ್ನಿಸುವುದು, ಇಬ್ಬರೂ ಎಣಿಸುತ್ತಿರುವುದು ಸತ್ತ ಬ್ಯಾಕ್ಟೀರಿಯಾಗಳನ್ನು. ಎಣಿಸಬೇಕಾದದ್ದು ನಿಂತುಹೋದ ಕೆಲಸವನ್ನು. ಹಾಗೆ ಏಕೆ ಹೇಳುತ್ತೇನೆ ಎಂದು ವಿವರಿಸಲು ಸ್ವಲ್ಪ ಹಿಂದಿನಿಂದ ಬರಬೇಕು.

ಮೊದಲು ಅಳತೆ. 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ನ್ಯಾನೋ ಕಣ ಎನ್ನುತ್ತಾರೆ. ಒಂದು ಮೀಟರನ್ನು ನೂರು ಕೋಟಿ ತುಂಡು ಮಾಡಿದರೆ ಒಂದು ತುಂಡು ಒಂದು ನ್ಯಾನೋಮೀಟರ್. ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಉದ್ದ ಸುಮಾರು 2,000. ಅಂದರೆ 10 ನ್ಯಾನೋಮೀಟರಿನ ಬೆಳ್ಳಿ ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಬ್ಯಾಕ್ಟೀರಿಯಾದ ಮೈಮೇಲೆ ಈ ತುದಿಯಿಂದ ಆ ತುದಿಗೆ 200 ಹಿಡಿಯುತ್ತವೆ.

ಚಿಕ್ಕದಾದರೆ ಏನಾಯಿತು? ಚಿಕ್ಕದಾದಷ್ಟೂ ಹೊರಮೈ ಜಾಸ್ತಿಯಾಗುತ್ತದೆ. ಒಂದು ಸೆಂಟಿಮೀಟರ್ ಅಳತೆಯ ಲೋಹದ ಘನವೊಂದನ್ನು ತೆಗೆದುಕೊಳ್ಳಿ. ಅದರ ಆರೂ ಮುಖ ಸೇರಿ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸುತ್ತಾ ಹೋದರೆ, ಎಲ್ಲದರ ಹೊರಮೈ ಕೂಡಿ 6,000 ಚದರ ಮೀಟರ್ ಆಗುತ್ತದೆ. ಒಂದು ಫುಟ್‌ಬಾಲ್ ಮೈದಾನಕ್ಕೆ ಹತ್ತಿರ ಹತ್ತಿರ. ಲೋಹ ಅಷ್ಟೇ, ತೂಕ ಅಷ್ಟೇ. ಆದರೆ ನೀರಿಗೆ, ಗಾಳಿಗೆ, ಜೀವಕ್ಕೆ ತಾಗುವ ಜಾಗ ಕೋಟಿ ಪಟ್ಟು. ಕರಗುವುದು, ಅಂಟುವುದು, ಎಲೆಕ್ಟ್ರಾನ್ ಕೊಡುವುದು, ಕಸಿದುಕೊಳ್ಳುವುದು ಎಲ್ಲ ನಡೆಯುವುದು ಹೊರಮೈಯಲ್ಲೇ ಅಲ್ವಾ?

ಈಗ ಬ್ಯಾಕ್ಟೀರಿಯಾದ ಕಡೆಯಿಂದ ನೋಡೋಣ. ನಮ್ಮ ದೇಹದ ಕೋಶಗಳು ಹೊರಗಿನ ಕಣಗಳನ್ನು ತಮ್ಮ ಪೊರೆಯೊಳಗೆ ಸುತ್ತಿಕೊಂಡು ನುಂಗಬಲ್ಲವು. ಬ್ಯಾಕ್ಟೀರಿಯಾಗಳಿಗೆ ಸಾಮಾನ್ಯವಾಗಿ ಆ ಶಕ್ತಿ ಇಲ್ಲ. ಅವಕ್ಕೆ ಗಟ್ಟಿ ಗೋಡೆ ಇದೆ. ಹಾಗಾಗಿ ಹೆಚ್ಚಿನ ಕಣಗಳು ಹೊರಗೇ ಉಳಿಯುತ್ತವೆ, ಹಾನಿಯೂ ಹೊರಗಿನಿಂದಲೇ ಶುರುವಾಗುತ್ತದೆ. ಆದರೆ ಅವಕ್ಕೆ ಇನ್ನೊಂದು ದೌರ್ಬಲ್ಯ ಇದೆ. ನಮ್ಮ ಕೋಶಗಳಲ್ಲಿ ಉಸಿರಾಟದ ಯಂತ್ರ ಒಳಗೆ, ಮೈಟೊಕಾಂಡ್ರಿಯಾದಲ್ಲಿ ಭದ್ರವಾಗಿದೆ. ಬ್ಯಾಕ್ಟೀರಿಯಾಗಳಲ್ಲಿ ಅದೇ ಯಂತ್ರ ಮೈಯ ಪೊರೆಯಲ್ಲೇ ಹುದುಗಿದೆ. ಪೊರೆಗೆ ಪೆಟ್ಟು ಬಿದ್ದರೆ ಉಸಿರಿಗೇ ಪೆಟ್ಟು.

ಪೆಟ್ಟು ಬೀಳುವುದು ಹಲವು ದಾರಿಯಲ್ಲಿ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ. ಧನ ವಿದ್ಯುದಂಶ ಹೊತ್ತ ಕಣ ಸುಲಭವಾಗಿ ಬಂದು ಅಂಟಿಕೊಳ್ಳುತ್ತದೆ, ಪೊರೆಯನ್ನು ಹರಿಯುತ್ತದೆ. 2007ರಲ್ಲಿ ಯೇಲ್ ಯೂನಿವರ್ಸಿಟಿಯ ತಂಡವೊಂದು ಒಂಟಿ ಗೋಡೆಯ ಕಾರ್ಬನ್ ನ್ಯಾನೋಟ್ಯೂಬ್‌ಗಳು, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆಗಳು, ಇ. ಕೋಲಿಗೆ ನೇರವಾಗಿ ತಾಗಿಯೇ ಪೊರೆಯನ್ನು ಹಾಳು ಮಾಡುವುದನ್ನು ತೋರಿಸಿತು. ಇನ್ನೊಂದು ದಾರಿ ಲೋಹದ ಕಣಗಳದ್ದು. ಅವು ಕರಗಿ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳನ್ನು, ಬಿಡುತ್ತವೆ. ಬೆಳ್ಳಿಯ ಅಯಾನಿಗೆ ಗಂಧಕ ಎಂದರೆ ವಿಪರೀತ ಸೆಳೆತ. ಪ್ರೋಟೀನುಗಳಲ್ಲಿರುವ ಗಂಧಕವನ್ನು ಅದು ಹಿಡಿದುಕೊಂಡರೆ ಉಸಿರಾಟದ ಕಿಣ್ವಗಳು ಸ್ಥಗಿತವಾಗುತ್ತವೆ. ಇವುಗಳ ಜೊತೆಗೆ, ಕಣದ ಹೊರಮೈಯಲ್ಲಿ ಆಮ್ಲಜನಕದಿಂದ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಂಥ ಉಗ್ರ ರೂಪಗಳು ಹುಟ್ಟಬಹುದು. ಅವು ಸಿಕ್ಕಿದ್ದನ್ನೆಲ್ಲ ಸುಡುತ್ತವೆ. ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ.

ಕೊಲ್ಲುವುದು ಕಣವೋ, ಅದು ಬಿಡುವ ಅಯಾನೋ?

ಬೆಳ್ಳಿಯ ವಿಷಯದಲ್ಲಿ ಈ ಜಗಳ ಬಹಳ ಕಾಲ ನಡೆಯಿತು. 2012ರಲ್ಲಿ ರೈಸ್ ಯೂನಿವರ್ಸಿಟಿಯ ಸಂಶೋಧಕರು ಒಂದು ಚೊಕ್ಕ ಪ್ರಯೋಗ ಮಾಡಿದರು. ಬೆಳ್ಳಿಯ ಕಣ ಕರಗಬೇಕಾದರೆ ಆಮ್ಲಜನಕ ಬೇಕು. ಆಮ್ಲಜನಕವನ್ನೇ ತೆಗೆದುಬಿಟ್ಟರೆ? ಗಾಳಿ ಸುಳಿಯದ ಪೆಟ್ಟಿಗೆಯಲ್ಲಿ ಕಣಗಳನ್ನು ತಯಾರಿಸಿ, ಅಲ್ಲೇ ಇ. ಕೋಲಿಗೆ ಕೊಟ್ಟರು. ಬೆಳ್ಳಿ ಅಯಾನುಗಳಾದರೆ ಕೊಲ್ಲಲು ಎಷ್ಟು ಸಾಕೋ ಅದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ ಕಣ ಕೊಟ್ಟರೂ ಬ್ಯಾಕ್ಟೀರಿಯಾ ಸಾಯಲಿಲ್ಲ. ಗಾಳಿ ಬಿಟ್ಟ ಕೂಡಲೇ ಸತ್ತವು. ಅಂದರೆ ಕಣ ಬರೀ ಉಗ್ರಾಣ. ವಿಷ ಅದರಿಂದ ಒಸರುವ ಅಯಾನು.

ಈ ಪ್ರಯೋಗ ಓದಿದಾಗ ವಿಷಯ ಮುಗಿದಂತೆ ಕಾಣುತ್ತದೆ. ಆದರೆ ಅದಕ್ಕೂ ಮೊದಲು, 2008ರಲ್ಲಿ, ಮಿಸ್ಸೂರಿ ಯೂನಿವರ್ಸಿಟಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳ ಮೇಲೆ ಮಾಡಿದ ಪ್ರಯೋಗ ಬೇರೆಯದೇ ಮಾತು ಹೇಳಿತ್ತು. ಅವರು ತೆಗೆದುಕೊಂಡದ್ದು ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು. ಲೀಟರಿಗೆ 1 ಮಿಲಿಗ್ರಾಂ ಬೆಳ್ಳಿಯನ್ನು ಅಯಾನಿನ ರೂಪದಲ್ಲಿ ಕೊಟ್ಟಾಗ ಅವುಗಳ ಉಸಿರಾಟ ಶೇ. 42ರಷ್ಟು ಕುಗ್ಗಿತು. ಅಷ್ಟೇ ಬೆಳ್ಳಿಯನ್ನು ನ್ಯಾನೋ ಕಣಗಳಾಗಿ ಕೊಟ್ಟಾಗ ಶೇ. 86. ವಿಷ ಪೂರ್ತಿ ಅಯಾನಿನದ್ದೇ ಆಗಿದ್ದರೆ ಕಣ ಇಷ್ಟು ಮುಂದೆ ಹೋಗಬಾರದಿತ್ತು.

ಎರಡನ್ನೂ ಒಟ್ಟಿಗೆ ಹಿಡಿಯಲು ಒಂದು ದಾರಿ ಇದೆ. ನೀರಿಗೆ ಬಿಟ್ಟ ಅಯಾನು ಬ್ಯಾಕ್ಟೀರಿಯಾ ತಲುಪುವ ಮೊದಲೇ ಕ್ಲೋರೈಡ್, ಗಂಧಕ, ಕೊಳೆತ ಸಾವಯವ ವಸ್ತು ಅದನ್ನು ಹಿಡಿದು ಕೂಡಿಸಿಬಿಡಬಹುದು. ಕಣ ಹಾಗಲ್ಲ. ಅದು ಬಂದು ಗೋಡೆಗೆ ಅಂಟಿಕೊಳ್ಳುತ್ತದೆ. ಅಲ್ಲೇ ನಿಧಾನಕ್ಕೆ ಕರಗುತ್ತದೆ. ವಿಷ ಅಯಾನಿನದ್ದೇ, ಆದರೆ ಅದನ್ನು ಬಾಗಿಲಿಗೆ ತಂದು ಸುರಿಯುವುದು ಕಣ.

ಸತು ಮತ್ತು ತಾಮ್ರದ ಆಕ್ಸೈಡುಗಳ ಕತೆಯೂ ಹೆಚ್ಚುಕಡಿಮೆ ಹೀಗೇ. ಎಸ್ಟೋನಿಯಾದ ತಾಲಿನ್‌ನಲ್ಲಿ ಒಂದು ಸಂಶೋಧನಾ ತಂಡ ಇದನ್ನು ಅಳೆಯಲು ಬೆಳಗುವ ಬ್ಯಾಕ್ಟೀರಿಯಾಗಳನ್ನು ಬಳಸಿತು. ವಿಬ್ರಿಯೊ ಫಿಷೆರಿ ಸಮುದ್ರದಲ್ಲಿ ತಾನಾಗಿ ಬೆಳಗುವ ಬ್ಯಾಕ್ಟೀರಿಯಾ. ವಿಷ ತಾಗಿದರೆ ಅದರ ಬೆಳಕು ಮಂಕಾಗುತ್ತದೆ. ಇದರ ಜೊತೆಗೆ, ಒಳಗೆ ಸತು ಅಥವಾ ತಾಮ್ರ ಹೊಕ್ಕರೆ ಮಾತ್ರ ಬೆಳಗುವಂತೆ ಜೀನ್ ಬದಲಾಯಿಸಿದ ಬ್ಯಾಕ್ಟೀರಿಯಾಗಳನ್ನೂ ಇಟ್ಟುಕೊಂಡರು. ಒಂದು ಎಷ್ಟು ಮಂಕಾಯಿತು, ಇನ್ನೊಂದು ಎಷ್ಟು ಬೆಳಗಿತು ಎಂದು ನೋಡಿದರೆ ಸಾಕು, ವಿಷದಲ್ಲಿ ಕರಗಿದ ಲೋಹದ ಪಾಲು ಎಷ್ಟೆಂದು ಗೊತ್ತಾಗುತ್ತದೆ. ಎಷ್ಟು ಚಂದದ ಉಪಾಯ! 2008ರ ಆ ಕೆಲಸದಲ್ಲಿ ಸತುವಿನ ಆಕ್ಸೈಡ್ ನ್ಯಾನೋ ಆದರೂ ದಪ್ಪ ಪುಡಿಯಾದರೂ ಸುಮಾರು ಒಂದೇ ಥರ ವಿಷವಾಗಿತ್ತು, ಏಕೆಂದರೆ ಎರಡೂ ಚೆನ್ನಾಗಿ ಕರಗುತ್ತವೆ. ತಾಮ್ರದ ಆಕ್ಸೈಡಿನಲ್ಲಿ ನ್ಯಾನೋ ಪುಡಿ ಜಾಸ್ತಿ ಕರಗಿತು, ಜಾಸ್ತಿ ವಿಷವಾಯಿತು. ಟೈಟೇನಿಯಂ ಡೈಆಕ್ಸೈಡ್ ಮಾತ್ರ ಲೀಟರಿಗೆ 20 ಗ್ರಾಂ ಹಾಕಿದರೂ ಏನೂ ಮಾಡಲಿಲ್ಲ.

ಹಾಗಾದರೆ ಟೈಟೇನಿಯಂ ಸಾಧುವೇ? ಬಿಸಿಲು ಬೀಳುವವರೆಗೆ ಹೌದು. ಈ ವಸ್ತು ನೇರಳಾತೀತ ಬೆಳಕನ್ನು ಹೀರಿಕೊಂಡು ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಅವು ನೀರು ಮತ್ತು ಆಮ್ಲಜನಕದ ಜೊತೆ ಸೇರಿ ಮೇಲೆ ಹೇಳಿದ ಉಗ್ರ ರೂಪಗಳನ್ನು ಹುಟ್ಟಿಸುತ್ತವೆ. ಬೆಳಕಿನ ಜೊತೆ ಟೈಟೇನಿಯಂ ಡೈಆಕ್ಸೈಡ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂದು ಜಪಾನಿನ ವಿಜ್ಞಾನಿಗಳು 1985ರಲ್ಲೇ ತೋರಿಸಿದ್ದರು. ಇದೇ ಗುಣವನ್ನು ನಂಬಿ ತಾನೇ ಶುದ್ಧವಾಗುವ ಗಾಜು, ಬಣ್ಣಗಳನ್ನು ಮಾಡುತ್ತಾರೆ. ಗೋಡೆಯ ಬಣ್ಣದಿಂದ ಮಳೆ ನೀರಿಗೆ ಈ ನ್ಯಾನೋ ಕಣಗಳು ತೊಳೆದುಹೋಗುವುದನ್ನು 2008ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಗುರುತಿಸಿದರು. ಕೆರೆಯ ತಳದ ಕತ್ತಲಲ್ಲಿ ಸುಮ್ನೆ ಕೂರುವ ಕಣ, ಅದೇ ಕೆರೆಯ ಮೇಲ್ಪದರದ ಬಿಸಿಲಿನಲ್ಲಿ ಬೇರೆಯೇ ವಸ್ತು. ಪ್ರಯೋಗಾಲಯದ ಸಾಮಾನ್ಯ ದೀಪದ ಕೆಳಗೆ ಪರೀಕ್ಷೆ ಮಾಡಿ ‘ಸುರಕ್ಷಿತ’ ಎಂದು ಬರೆದರೆ ಅದು ಅರ್ಧ ಉತ್ತರ.

ಕಬ್ಬಿಣ ಇನ್ನೂ ವಿಚಿತ್ರ. ಕ್ಲೋರಿನ್ ಇರುವ ದ್ರಾವಕಗಳಿಂದ ಕೆಟ್ಟುಹೋದ ಅಂತರ್ಜಲವನ್ನು ಸರಿ ಮಾಡಲು ಶುದ್ಧ ಕಬ್ಬಿಣದ ನ್ಯಾನೋ ಕಣಗಳನ್ನು ನೆಲದೊಳಗೆ ತೂರಿಸುವ ಪದ್ಧತಿ ಇದೆ. ಗಾಳಿ ಇದ್ದಾಗ ಈ ಕಣಗಳಿಗೆ ಬೇಗ ತುಕ್ಕಿನ ಪದರ ಬರುತ್ತದೆ, ಅವುಗಳ ಬಲ ಇಳಿಯುತ್ತದೆ. ಗಾಳಿ ಇಲ್ಲದಿದ್ದಾಗ ಅವು ಇ. ಕೋಲಿಯನ್ನು ಬಹಳ ಬೇಗ ಕೊಲ್ಲುತ್ತವೆ. ಬೆಳ್ಳಿಗೆ ಪೂರ್ತಿ ತದ್ವಿರುದ್ಧ. ಅಂತರ್ಜಲದಲ್ಲಿ ಗಾಳಿ ಕಡಿಮೆ. ಅದೇ ಜಾಗದಲ್ಲಿ ಡಿಹ್ಯಾಲೊಕೊಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಆ ದ್ರಾವಕಗಳನ್ನೇ ಬಳಸಿ ಬದುಕುತ್ತಾ, ಅವುಗಳ ಕ್ಲೋರಿನ್ ಕಿತ್ತು ನೀರನ್ನು ತಾನಾಗಿಯೇ ಹಸನು ಮಾಡುತ್ತಿರುತ್ತದೆ. ಶುದ್ಧೀಕರಣಕ್ಕೆ ಸುರಿದ ಕಣ ಈ ಕೆಲಸಗಾರರಿಗೇ ತೊಂದರೆ ಕೊಡುವುದೇ ಎಂದು ನೋಡದೆ ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಇಷ್ಟನ್ನು ನೋಡಿದ ಮೇಲೆ ‘ನ್ಯಾನೋ ವಿಷವೇ?’ ಎಂಬ ಪ್ರಶ್ನೆಗೆ ಅರ್ಥ ಉಳಿಯುವುದಿಲ್ಲ. ಯಾವ ಲೋಹ, ಯಾವ ಲೇಪ, ಗಾಳಿ ಇದೆಯೇ, ಬಿಸಿಲು ಇದೆಯೇ, ಗಂಧಕ ಇದೆಯೇ ಎಂದು ಒಂದೊಂದಾಗಿ ಕೇಳಬೇಕು.

ಕಾರ್ಖಾನೆ ಬಿಟ್ಟ ಮೇಲೆ ಕಣ ಅದೇ ಕಣವಾಗಿ ಉಳಿಯುವುದೂ ಇಲ್ಲ. ಕೊಳಚೆ ನೀರಿನಲ್ಲಿ ಆಮ್ಲಜನಕ ಕಡಿಮೆ, ಸಲ್ಫೈಡ್ ಎಂಬ ಗಂಧಕದ ರೂಪ ಜಾಸ್ತಿ. ಬೆಳ್ಳಿ ಅಲ್ಲಿ ಹೋಗುತ್ತಿದ್ದಂತೆ ಬೆಳ್ಳಿ ಸಲ್ಫೈಡ್ ಆಗುತ್ತದೆ. ಬೆಳ್ಳಿಯ ಒಡವೆ ಕಪ್ಪಾಗುವುದು ಇದೇ ಕಾರಣಕ್ಕೆ. ಈ ಸಲ್ಫೈಡ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ. 2010ರಲ್ಲಿ ಅಮೆರಿಕದ ಸಂಸ್ಕರಣಾ ಘಟಕವೊಂದರ ಕೆಸರಿನಲ್ಲಿ ಬೆಳ್ಳಿ ಸಲ್ಫೈಡಿನ ನ್ಯಾನೋ ಹರಳುಗಳು ಸಿಕ್ಕವು. 2011ರಲ್ಲಿ ಸ್ವಿಟ್ಜರ್ಲೆಂಡಿನ ಈವಾಗ್ ಎಂಬ ಜಲ ಸಂಶೋಧನಾ ಸಂಸ್ಥೆ ಚಿಕ್ಕ ಮಾದರಿ ಘಟಕಕ್ಕೆ ಬೆಳ್ಳಿ ಕಣಗಳನ್ನು ಬಿಟ್ಟು ನೋಡಿತು. ಹೆಚ್ಚಿನ ಬೆಳ್ಳಿ ಸಲ್ಫೈಡಾಗಿ ಕೆಸರಿಗೆ ಅಂಟಿಕೊಂಡಿತು. ಇದು ಸಮಾಧಾನದ ಸುದ್ದಿಯೇ. ಹೊಳೆಗೆ ಹೋಗುವ ನೀರಿನಲ್ಲಿ ಉಳಿಯುವುದು ಅತಿ ಕಡಿಮೆ.

ಆದರೆ ಆ ಕೆಸರು ಏನಾಗುತ್ತದೆ? ಎಷ್ಟೋ ಕಡೆ ಅದನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಾರೆ. ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯ ಸಂಶೋಧಕರು ಬಯಲಿನಲ್ಲಿ ದೊಡ್ಡ ತೊಟ್ಟಿಗಳಿಗೆ ಮಣ್ಣು ತುಂಬಿ, ಗಿಡ ಬೆಳೆಸಿ, ಬೆಳ್ಳಿ ಕಣ ಬೆರೆಸಿದ ಕೆಸರನ್ನು ಹಾಕಿದರು. ಪ್ರಮಾಣ ಬಹಳ ಕಡಿಮೆ, ಒಂದು ಕಿಲೋ ಮಣ್ಣಿಗೆ 0.14 ಮಿಲಿಗ್ರಾಂ. 2013ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಬರೀ ಕೆಸರು ಹಾಕಿದ ತೊಟ್ಟಿಗಳಿಗೆ ಹೋಲಿಸಿದರೆ ಮಣ್ಣಿನ ಸೂಕ್ಷ್ಮಜೀವಿಗಳ ಒಟ್ಟು ತೂಕ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಒಂದು ಜಾತಿಯ ಹುಲ್ಲಿನ ಬೆಳವಣಿಗೆ ಕುಗ್ಗಿತ್ತು. ಇದೆಲ್ಲಕ್ಕಿಂತ ಹೆಚ್ಚಾಗಿ, 8ನೇ ದಿನ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ 4.5 ಪಟ್ಟು ಹೆಚ್ಚಿತ್ತು.

ನೈಟ್ರಸ್ ಆಕ್ಸೈಡ್ ಸಣ್ಣ ವಿಷಯವಲ್ಲ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಅದು ಹುಟ್ಟುವುದೂ ಬ್ಯಾಕ್ಟೀರಿಯಾಗಳ ಕೆಲಸದಿಂದಲೇ. ನೈಟ್ರೊಸೊಮೊನಾಸ್ ಗುಂಪಿನವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೊಬ್ಯಾಕ್ಟರ್, ನೈಟ್ರೊಸ್ಪೈರಾ ಅದನ್ನು ನೈಟ್ರೇಟ್ ಮಾಡುತ್ತವೆ. ಮತ್ತೊಂದು ಗುಂಪು ನೈಟ್ರೇಟನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕೊನೆಗೆ ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತದೆ. ಕೊನೆಯ ಮೆಟ್ಟಿಲಿಗೆ ಮುಂಚಿನದು ನೈಟ್ರಸ್ ಆಕ್ಸೈಡ್. ಕೊನೆಯ ಹೆಜ್ಜೆ ತಡವರಿಸಿದರೆ ಅದು ಅಲ್ಲಿಂದಲೇ ಗಾಳಿಗೆ ತಪ್ಪಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಸತ್ತಿರಬೇಕೆಂದೇನೂ ಇಲ್ಲ. ಒಂದು ಕಿಣ್ವ ನಿಧಾನವಾದರೂ ಸಾಕು.

ನಿಂತ ಕೆಲಸವನ್ನು ಎಣಿಸಬೇಕು ಎಂದು ಮೊದಲಿಗೆ ಹೇಳಿದ್ದು ಇದಕ್ಕೇ. ಒಂದು ಗ್ರಾಂ ಮಣ್ಣಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಹುದು. ಅದರಲ್ಲಿ ಸಕ್ಕರೆ, ಎಲೆ, ಕಸ ಕೊಳೆಸುವ ಜಾತಿಗಳು ಎಷ್ಟೋ ಇವೆ. ಒಂದು ಜಾತಿ ಕುಗ್ಗಿದರೆ ಇನ್ನೊಂದು ಆ ಕೆಲಸ ಹಿಡಿಯುತ್ತದೆ. ಒಟ್ಟು ಲೆಕ್ಕದಲ್ಲಿ ವ್ಯತ್ಯಾಸವೇ ಕಾಣದಿರಬಹುದು. ಅಮೋನಿಯಾ ಕೆಲಸ ಮಾಡುವವು ಹಾಗಲ್ಲ. ಜಾತಿಗಳು ಕೆಲವೇ. ಬೆಳೆಯುವುದೂ ನಿಧಾನ. ಒಳ್ಳೆಯ ಆಹಾರ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೆ ಎರಡಾಗುತ್ತದೆ, ಇವಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ಒಂದು ದಿನಕ್ಕೂ ಹೆಚ್ಚು ಹೊತ್ತು ಬೇಕು. ಇವು ಮುಗ್ಗರಿಸಿದರೆ ಬದಲಿಗೆ ಬರುವವರಿಲ್ಲ. ಸಂಸ್ಕರಣಾ ಘಟಕದಿಂದ ಅಮೋನಿಯಾ ಹಾಗೇ ಹೊಳೆಗೆ ಇಳಿದರೆ ಮೀನುಗಳಿಗೆ ವಿಷ.

2012ರ ಇನ್ನೊಂದು ಅಧ್ಯಯನವೂ ಇದೇ ಕಡೆ ಬೆರಳು ಮಾಡುತ್ತದೆ. ಕ್ಯಾಲಿಫೋರ್ನಿಯಾದ ಸಂಶೋಧಕರು ಸೋಯಾ ಗಿಡಗಳನ್ನು ಸೀರಿಯಂ ಆಕ್ಸೈಡಿನ ನ್ಯಾನೋ ಕಣ ಬೆರೆಸಿದ ಮಣ್ಣಿನಲ್ಲಿ ಬೆಳೆಸಿದರು. ಡೀಸೆಲ್‌ಗೆ ಬೆರೆಸುವ ಪದಾರ್ಥಗಳಲ್ಲಿ ಇದನ್ನು ಬಳಸುತ್ತಾರೆ. ಸೋಯಾ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಸೀರಿಯಂ ಪ್ರಮಾಣ ಹೆಚ್ಚಿದ್ದ ಕುಂಡಗಳಲ್ಲಿ ಈ ಶಕ್ತಿ ಶೇ. 80ಕ್ಕೂ ಹೆಚ್ಚು ಬಿದ್ದುಹೋಯಿತು. ಗಿಡವನ್ನು ಮೇಲಿನಿಂದ ನೋಡಿ ಇದನ್ನು ತಿಳಿಯಲು ಆಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಎಷ್ಟೋ ಪ್ರಯೋಗಗಳಲ್ಲಿ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕಣ ಹಾಕುತ್ತಾರೆ. ಹೊಳೆ, ಕೆರೆಗಳಲ್ಲಿ ನ್ಯಾನೋ ಬೆಳ್ಳಿ ಇರಬಹುದೆಂದು ಅಂದಾಜಿಸುವುದು ಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ. ಹತ್ತು ಲಕ್ಷ ಪಟ್ಟು ಅಂತರ. ಜೊತೆಗೆ, ಪ್ರಯೋಗಾಲಯದ ಹೊರಗಿನ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂಟಿಯಾಗಿ ತೇಲುತ್ತಿರುವುದಿಲ್ಲ. ಕಲ್ಲು, ಬೇರು, ಕೊಳವೆಗಳ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಗುಂಪಾಗಿ ಇರುತ್ತವೆ. ಆ ಲೋಳೆಯಲ್ಲೇ ಕಣಗಳು ಸಿಕ್ಕಿಬೀಳುತ್ತವೆ. ಕೊಳೆತ ಎಲೆಯ ರಸ ಕಣದ ಮೈಗೆ ಹೊದಿಕೆಯಂತೆ ಸುತ್ತಿಕೊಳ್ಳುತ್ತದೆ. ಉಪ್ಪು ನೀರಿನಲ್ಲಿ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ ತಳಕ್ಕೆ ಇಳಿಯುತ್ತವೆ. ಹಾಗಾಗಿ ‘ನ್ಯಾನೋ ಬೆಳ್ಳಿಯಿಂದ ಬ್ಯಾಕ್ಟೀರಿಯಾ ಸರ್ವನಾಶ’ ಎಂಬ ಥರದ ತಲೆಬರಹ ನೋಡಿದರೆ ಮೊದಲು ಪ್ರಮಾಣ ಎಷ್ಟಿತ್ತು ಎಂದು ಹುಡುಕಿ.

ಪ್ರಯೋಗದಲ್ಲೇ ಎಡವಿದ ಉದಾಹರಣೆಯೂ ಇದೆ. ಸಿ60 ಎಂಬ ಚೆಂಡಿನಾಕಾರದ ಇಂಗಾಲದ ಅಣು ಮೀನುಗಳ ಮಿದುಳಿಗೆ ಹಾನಿ ಮಾಡುತ್ತದೆ ಎಂದು 2004ರಲ್ಲಿ ದೊಡ್ಡ ಸುದ್ದಿಯಾಯಿತು. ಸಿ60 ನೀರಿನಲ್ಲಿ ಕರಗುವುದಿಲ್ಲ. ಟಿಎಚ್‌ಎಫ್ ಎಂಬ ದ್ರಾವಕದ ಸಹಾಯದಿಂದ ಅದನ್ನು ನೀರಿಗೆ ಸೇರಿಸಿದ್ದರು. ಕೆಲವು ವರ್ಷಗಳ ನಂತರ ಜೀಬ್ರಾ ಮೀನಿನ ಮರಿಗಳ ಮೇಲಿನ ಪ್ರಯೋಗದಲ್ಲಿ, ವಿಷಕ್ಕೆ ಕಾರಣ ಉಳಿದುಹೋದ ಟಿಎಚ್‌ಎಫ್ ಒಡೆದು ಹುಟ್ಟಿದ ವಸ್ತುಗಳು ಎಂದು ಕಂಡಿತು. ಕಣದ ಲೇಪ, ಉಳಿದ ದ್ರಾವಕ, ಕರಗಿದ ಲೋಹ ಇವನ್ನೆಲ್ಲ ಬೇರೆ ಬೇರೆಯಾಗಿ ಪರೀಕ್ಷಿಸದೆ ಕಣದ ತಲೆಗೆ ತಪ್ಪು ಕಟ್ಟುವಂತಿಲ್ಲ.

ಬ್ಯಾಟರಿಯಿಂದ ಬಂದ ಪಾಠ

ಬೆಳ್ಳಿಯ ಬಗ್ಗೆ ಇಷ್ಟೆಲ್ಲ ಗೊತ್ತಾಗಿದ್ದು ಅದು ಮಾರುಕಟ್ಟೆಗೆ ಬಂದ ಮೇಲೆ. ಅದಕ್ಕಿಂತ ಈಗ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಬ್ಯಾಟರಿಗಳ ವಿಷಯ. ವಿದ್ಯುತ್ ಕಾರುಗಳ ಎಷ್ಟೋ ಲಿಥಿಯಂ ಬ್ಯಾಟರಿಗಳಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಆಕ್ಸೈಡ್ ಇರುತ್ತದೆ. ಎನ್‌ಎಂಸಿ ಎನ್ನುತ್ತಾರೆ. ಬಳಸಿ ಬಿಸಾಡಿದ ಬ್ಯಾಟರಿ ಒಡೆದು ಈ ಪುಡಿ ಮಣ್ಣು ಸೇರಿದರೆ?

ಮಿನ್ನೆಸೋಟಾ ಮತ್ತು ವಿಸ್ಕಾನ್ಸಿನ್ ಯೂನಿವರ್ಸಿಟಿಗಳ ತಂಡ ಇದನ್ನು ಶೆವನೆಲ್ಲಾ ಒನೈಡೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ನೋಡಿತು. ನ್ಯೂಯಾರ್ಕ್ ರಾಜ್ಯದ ಒನೈಡಾ ಸರೋವರದ ಕೆಸರಿನಲ್ಲಿ ಸಿಕ್ಕಿದ್ದರಿಂದ ಆ ಹೆಸರು. ಇದಕ್ಕೆ ಒಂದು ಅಪರೂಪದ ಶಕ್ತಿ ಇದೆ. ಆಮ್ಲಜನಕ ಸಿಗದಿದ್ದರೆ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡುಗಳನ್ನು ಬಳಸಿ ಉಸಿರಾಡುತ್ತದೆ. ಕೆಸರಿನಲ್ಲಿ ಲೋಹಗಳ ಓಡಾಟವನ್ನೇ ನಡೆಸುವ ಜೀವಿ ಇದು. ಲೋಹದ ಜೊತೆ ಇಷ್ಟು ಒಡನಾಟ ಇರುವ ಬ್ಯಾಕ್ಟೀರಿಯಾ ಕೂಡ ಎನ್‌ಎಂಸಿ ಮುಂದೆ ಸೋತಿತು ಎಂದು 2016ರಲ್ಲಿ ಅವರು ಬರೆದರು. ಬೆಳವಣಿಗೆ ಕುಗ್ಗಿತು, ಉಸಿರಾಟ ಇಳಿಯಿತು. ಕಾರಣ ಹುಡುಕಿದಾಗ, ಕಣದಿಂದ ಒಸರಿದ ನಿಕ್ಕಲ್ ಮತ್ತು ಕೋಬಾಲ್ಟ್ ಅಯಾನುಗಳು.

ತಂಡ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಾರಣ ಗೊತ್ತಾಯಿತಲ್ಲ, ಕಣವನ್ನೇ ಬದಲಾಯಿಸಿದರೆ ಹೇಗೆ ಎಂದು ನೋಡಿತು. 2017ರಲ್ಲಿ ಮ್ಯಾಂಗನೀಸ್ ಹೆಚ್ಚಿಸಿ, ನಿಕ್ಕಲ್, ಕೋಬಾಲ್ಟ್ ಕಡಿಮೆ ಮಾಡಿದ ಕಣಗಳನ್ನು ತಯಾರಿಸಿ ಪರೀಕ್ಷಿಸಿದರು. ಶೆವನೆಲ್ಲಾಕ್ಕೆ ವಿಷ ಕಡಿಮೆಯಾಯಿತು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದು. ವಿಷ ಹೇಗೆ ಹುಟ್ಟುತ್ತದೆ ಎಂದು ಗೊತ್ತಾದರೆ ವಸ್ತುವನ್ನು ವಿನ್ಯಾಸದಲ್ಲೇ ತಿದ್ದಬಹುದು.

ಆದರೆ ಉದ್ಯಮ ಹೋಗುತ್ತಿರುವ ದಾರಿ ಅರ್ಧ ಬೇರೆ. ಮೊದಲಿನ ಎನ್‌ಎಂಸಿಯಲ್ಲಿ ಮೂರೂ ಲೋಹ ಸಮಸಮ ಇರುತ್ತಿದ್ದವು. ಒಂದು ಸಲ ಚಾರ್ಜ್ ಮಾಡಿದರೆ ಕಾರು ಜಾಸ್ತಿ ದೂರ ಓಡಬೇಕು ಎಂದು ಈಗ ನಿಕ್ಕಲ್ ಪಾಲನ್ನು ಏರಿಸುತ್ತಾ ಹೋಗಿದ್ದಾರೆ. ಎನ್‌ಎಂಸಿ 811 ಎಂಬುದರಲ್ಲಿ ಹತ್ತರಲ್ಲಿ ಎಂಟು ಪಾಲು ನಿಕ್ಕಲ್. ಕೋಬಾಲ್ಟ್ ಇಳಿದಿದೆ, ನಿಜ. ಬ್ಯಾಕ್ಟೀರಿಯಾದ ಕಡೆಯಿಂದ ನೋಡಿದರೆ ನಿಕ್ಕಲ್ ಏರಿಕೆ ಒಳ್ಳೆಯ ಸುದ್ದಿಯಲ್ಲ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ ನಿಕ್ಕಲ್, ಕೋಬಾಲ್ಟ್ ಎರಡೂ ಇಲ್ಲ. ಯಾವ ಬ್ಯಾಟರಿ ಒಳ್ಳೆಯದು ಎಂದು ಚರ್ಚಿಸುವಾಗ ಬೆಲೆ, ದೂರ, ಬೆಂಕಿಯ ಅಪಾಯ ಇವುಗಳ ಪಕ್ಕದಲ್ಲಿ ಮಣ್ಣಿನ ಲೆಕ್ಕವೂ ಬರಬೇಕು.

ಸಾಯದೆ ಉಳಿದವು ಏನು ಕಲಿಯುತ್ತವೆ?

ಶೆವನೆಲ್ಲಾ ಕತೆಗೆ 2019ರಲ್ಲಿ ಇನ್ನೊಂದು ಅಧ್ಯಾಯ ಸೇರಿತು. ಸ್ವಲ್ಪ ಸ್ವಲ್ಪವೇ ಎನ್‌ಎಂಸಿಯನ್ನು ಪದೇ ಪದೇ ಕೊಡುತ್ತಾ ಹೋದಾಗ ಅದು ಬೇಗನೆ ತಡೆದುಕೊಳ್ಳಲು ಕಲಿತುಬಿಟ್ಟಿತು. ಬೆಳ್ಳಿಯಲ್ಲೂ ಹೀಗೇ ಆಗಿದೆ. ಚೆಕ್ ದೇಶದ ಓಲೊಮೌಟ್ಸ್‌ನ ವಿಜ್ಞಾನಿಗಳು 2018ರಲ್ಲಿ ಇ. ಕೋಲಿ ಮತ್ತು ಸ್ಯೂಡೊಮೊನಾಸ್‌ಗೆ ಬೆಳ್ಳಿ ಕಣಗಳನ್ನು ಮತ್ತೆ ಮತ್ತೆ ಕೊಟ್ಟರು. ಆ ಬ್ಯಾಕ್ಟೀರಿಯಾಗಳು ಫ್ಲಾಜೆಲಿನ್ ಎಂಬ ಪ್ರೋಟೀನನ್ನು ಜಾಸ್ತಿ ತಯಾರಿಸಲು ಶುರು ಮಾಡಿದವು. ಈಜುವ ಬಾಲವನ್ನು ಕಟ್ಟುವ ಪ್ರೋಟೀನ್ ಅದು. ಅಂಟಂಟಾಗಿರುವ ಅದು ಬೆಳ್ಳಿ ಕಣಗಳನ್ನು ಒಟ್ಟುಗೂಡಿಸಿ ಮುದ್ದೆ ಮಾಡಿತು. ಮುದ್ದೆಯಾದ ಮೇಲೆ ಅವುಗಳ ಬಲ ಹೋಯಿತು. ಇದಕ್ಕೆ ಜೀನ್‌ಗಳಲ್ಲಿ ಬದಲಾವಣೆಯೂ ಬೇಕಾಗಲಿಲ್ಲ. ಫ್ಲಾಜೆಲಿನ್ ತಯಾರಿಕೆಯನ್ನು ತಡೆಯುವ ದಾಳಿಂಬೆ ಸಿಪ್ಪೆಯ ಸಾರ ಹಾಕಿದಾಗ ಮಾತ್ರ ಬೆಳ್ಳಿ ಮತ್ತೆ ಕೆಲಸ ಮಾಡಿತು.

ಬೆಳ್ಳಿ ಅಯಾನನ್ನು ತಡೆದುಕೊಳ್ಳುವ ಬ್ಯಾಕ್ಟೀರಿಯಾಗಳಂತೂ ಹೊಸದಲ್ಲ. ಸುಟ್ಟ ಗಾಯಗಳಿಗೆ ಬೆಳ್ಳಿಯ ಔಷಧಿ ಹಚ್ಚುತ್ತಿದ್ದ ವಾರ್ಡೊಂದರಲ್ಲಿ 1970ರ ದಶಕದಲ್ಲೇ ಅಂಥ ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಸಿಕ್ಕಿತ್ತು. ಆ ಜೀನ್‌ಗಳು ಪ್ಲಾಸ್ಮಿಡ್ ಮೇಲಿದ್ದವು. ಪ್ಲಾಸ್ಮಿಡ್ ಎಂದರೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲ ಡಿಎನ್‌ಎ ಉಂಗುರ.

ಈ ದಾಟಿಸುವಿಕೆಯನ್ನೇ ಕಣಗಳು ಹೆಚ್ಚಿಸಬಹುದು ಎನ್ನುವುದು ಇನ್ನೂ ಗಂಭೀರ. 2012ರಲ್ಲಿ ಚೀನಾದ ತಂಡವೊಂದು ಅಲ್ಯೂಮಿನಿಯಂ ಆಕ್ಸೈಡಿನ ನ್ಯಾನೋ ಕಣಗಳ ನಡುವೆ ಇ. ಕೋಲಿಯಿಂದ ಸಾಲ್ಮೊನೆಲ್ಲಾಕ್ಕೆ ಆ್ಯಂಟಿಬಯೋಟಿಕ್ ತಡೆಯುವ ಜೀನ್‌ಗಳು ದಾಟುವುದನ್ನು ಅಳೆಯಿತು. ಕಣಗಳಿಲ್ಲದಾಗಿನದಕ್ಕಿಂತ 200 ಪಟ್ಟಿನವರೆಗೂ ಹೆಚ್ಚು ದಾಟಿದವು. ಕಣ ಪೊರೆಯನ್ನು ಸ್ವಲ್ಪ ಘಾಸಿ ಮಾಡುತ್ತದೆ, ಕೋಶವನ್ನು ಒತ್ತಡಕ್ಕೆ ಸಿಕ್ಕಿಸುತ್ತದೆ, ಜೀನ್ ದಾಟುವ ದಾರಿ ಸಲೀಸಾಗುತ್ತದೆ. ಅಲ್ಲಿ ಬಳಸಿದ ಪ್ರಮಾಣ ಹೊಳೆಯಲ್ಲಿರುವುದಕ್ಕಿಂತ ಬಹಳ ಹೆಚ್ಚು. ಆದರೂ ಸಂಸ್ಕರಣಾ ಘಟಕದ ಕೆಸರನ್ನು ನೆನೆಸಿಕೊಳ್ಳಿ. ಔಷಧಿಯ ಉಳಿಕೆ, ರೋಗದ ಬ್ಯಾಕ್ಟೀರಿಯಾ, ಲೋಹದ ಕಣ ಎಲ್ಲವೂ ಒಂದೇ ತೊಟ್ಟಿಯಲ್ಲಿ ಸೇರುತ್ತವೆ.

ನಿಯಮಗಳು ಈ ಎಲ್ಲವನ್ನೂ ಹಿಡಿಯುತ್ತವೆಯೇ? ಸ್ವಲ್ಪ ಮಟ್ಟಿಗೆ. ಯುರೋಪಿನ ಒಕ್ಕೂಟದಲ್ಲಿ 2020ರ ಜನವರಿ 1ರಿಂದ ನ್ಯಾನೋ ರೂಪದ ವಸ್ತುಗಳ ಬಗ್ಗೆ ಕಂಪನಿಗಳು ಪ್ರತ್ಯೇಕ ಮಾಹಿತಿ ಕೊಡಬೇಕು. ಒಇಸಿಡಿ ಎಂಬ ದೇಶಗಳ ಆರ್ಥಿಕ ಸಹಕಾರ ಸಂಘಟನೆ 2006ರಿಂದಲೇ ಇದಕ್ಕೊಂದು ಕಾರ್ಯಪಡೆ ಇಟ್ಟುಕೊಂಡಿದೆ. ಆದರೆ ಯುರೋಪಿನ ನೋಂದಣಿ ಶುರುವಾಗುವುದು ವರ್ಷಕ್ಕೆ ಒಂದು ಟನ್ನಿನಿಂದ. ತೂಕವೇ ಅಳತೆಗೋಲು. ಒಂದು ಸೆಂಟಿಮೀಟರ್ ಘನ ಕತ್ತರಿಸಿದಾಗ ಏನಾಯಿತೆಂದು ಮೇಲೆ ನೋಡಿದೆವಲ್ಲ, ತೂಕ ಬದಲಾಗಲಿಲ್ಲ, ತಾಗುವ ಮೈ ಮೈದಾನದಷ್ಟಾಯಿತು.

ಪರೀಕ್ಷೆಯ ವಿಷಯದಲ್ಲೂ ಇಂಥದೇ ಕೊರತೆ. ಸಂಸ್ಕರಣಾ ಘಟಕದ ಬ್ಯಾಕ್ಟೀರಿಯಾಗಳಿಗೆ ಒಂದು ವಸ್ತು ವಿಷವೇ ಎಂದು ನೋಡಲು ಒಇಸಿಡಿಯ 209ನೇ ಪರೀಕ್ಷೆ ಇದೆ. ಕೆಸರಿಗೆ ವಸ್ತು ಬೆರೆಸಿ, ಅದು ಆಮ್ಲಜನಕ ಬಳಸುವ ವೇಗ ಇಳಿಯಿತೇ ಎಂದು ಅಳೆಯುತ್ತಾರೆ. ಸಾಮಾನ್ಯವಾಗಿ ವಸ್ತು ಕೆಸರಿನ ಜೊತೆ ಇರುವುದು 3 ಗಂಟೆ. ಬೇಗ ಕರಗುವ ರಾಸಾಯನಿಕಗಳಿಗೆ ಇದು ಒಳ್ಳೆಯ ಪರೀಕ್ಷೆಯೇ. ನಿಧಾನಕ್ಕೆ ಕರಗುವ, ದಾರಿಯಲ್ಲಿ ರೂಪ ಬದಲಿಸುವ ಕಣಕ್ಕೆ 3 ಗಂಟೆ ಸಾಲದು. ಡ್ಯೂಕ್‌ನ ತೊಟ್ಟಿಗಳಲ್ಲಿ ನೈಟ್ರಸ್ ಆಕ್ಸೈಡ್ ಏರಿಕೆ ಕಂಡದ್ದು 8ನೇ ದಿನ. ಕಾರ್ಖಾನೆಯಿಂದ ಹೊರಬಂದ ಹೊಸ ಕಣದ ಜೊತೆಗೆ, ಒಗೆತ, ಚರಂಡಿ, ಸಲ್ಫೈಡ್, ಬಿಸಿಲು ಎಲ್ಲ ದಾಟಿ ಬಂದ ಹಳೆಯ ಕಣವನ್ನೂ ಪರೀಕ್ಷೆಗೆ ಇಡಬೇಕು. ಅಮೋನಿಯಾ ನೈಟ್ರೇಟ್ ಆಗುವ ವೇಗ ಎಷ್ಟಿದೆ, ನೈಟ್ರಸ್ ಆಕ್ಸೈಡ್ ಎಷ್ಟು ಏಳುತ್ತಿದೆ ಎಂದು ವಾರಗಟ್ಟಲೆ ಅಳೆಯಬೇಕು. ಆ ವಾರಗಳಲ್ಲಿ ತಡೆಯುವ ಜೀನ್‌ಗಳು ಎಷ್ಟು ಹರಡಿದವು ಎಂಬುದನ್ನೂ ಅದೇ ಮಣ್ಣಿನಲ್ಲಿ ನೋಡಬೇಕು. ವಸ್ತು ಮಾರುಕಟ್ಟೆಗೆ ಬರುವ ಮುಂಚೆ ಇದು ಆಗಬೇಕು. ಶೆವನೆಲ್ಲಾ ಪ್ರಯೋಗದಲ್ಲಿ ಆದಂತೆ ಕಣವನ್ನು ತಿದ್ದಲು ಆಗ ಇನ್ನೂ ಅವಕಾಶ ಇರುತ್ತದೆ.